ಗೂಡಲೂರಿನ ಅಂಗಡಿ, ಮೈಸೂರಿನ ಗಿರಾಕಿ

ನೀಲಗಿರಿಯಲ್ಲಿ ಟೀ ಪುಡಿ, ಜೇನು, ಚಾಕೊಲೇಟ್ ಮಾರುವವರು ರಜೆ ಬಂತೆಂದರೆ ಕೆಎ ನಂಬರಿನ ಕಾರುಗಳ ದಾರಿ ಕಾಯುತ್ತಾರೆ. ಬೆಂಗಳೂರು, ಮೈಸೂರಿನವರು ಕಾಲು ಕೆಜಿ ಪೊಟ್ಟಣ ಹಿಡಿದು ಕಾರು ಹತ್ತುವಾಗ ಕೇಳುವುದು ಒಂದೇ ಮಾತು: "ಇದು ಮುಗಿದ ಮೇಲೆ ಮತ್ತೆ ತರಿಸೋದು ಹೇಗಣ್ಣ?" ಈ ಪ್ರಶ್ನೆಯಿಂದಲೇ ನನ್ನ ಹೊಟ್ಟೆಪಾಡು. ಗೂಡಲೂರಿನಲ್ಲಿ ಕೂತು ಸಣ್ಣ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ.

ಬಂದವರೆಲ್ಲ ಮೊದಲು ಕೇಳುವುದು, "ಗೂಗಲ್‌ನಲ್ಲಿ ನಮ್ಮದೇ ಫಸ್ಟ್ ಬರೋ ಹಾಗೆ ಮಾಡ್ತೀರಾ ಸಾರ್?" ಹಾಗೆ ಮಾಡಿಕೊಡುತ್ತೇವೆಂದು ಆಸೆ ಹುಟ್ಟಿಸುವ ಫೋನುಗಳು ಅವರಿಗೆ ಬರುತ್ತಲೇ ಇರುತ್ತವೆ. ಮೊದಲ ಸ್ಥಾನದ ಖಾತ್ರಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ತಾನೇ ಬರೆದಿಟ್ಟಿದೆ. ಅಂಥ ಫೋನು ಬಂದರೆ ಇಟ್ಟುಬಿಡಿ ಎನ್ನುತ್ತೇನೆ. ಆಮೇಲೆ ಒಂದು ನೋಟ್‌ಬುಕ್ ಕೊಟ್ಟು, ಅಂಗಡಿಗೆ ಬಂದವರು ಏನೇನು ಕೇಳುತ್ತಾರೋ ಅವರ ಮಾತಲ್ಲೇ ಗೀಚಿಡಿ ಎನ್ನುತ್ತೇನೆ.

ಟೀ ಪುಡಿ ಮಾರುವ ಬಡಗರ ಅಕ್ಕ ಒಬ್ಬರು "ಅತ್ಯುತ್ತಮ ಗುಣಮಟ್ಟದ ಶುದ್ಧ ನೀಲಗಿರಿ ಟೀ" ಎಂದು ಬರೆಸಿಕೊಂಡು ಬಂದಿದ್ದರು.

"ಅಕ್ಕ, ಇದನ್ನ ಎಲ್ಲಾ ಅಂಗಡಿಯವರೂ ಹಾಕ್ತಾರೆ. ಮೈಸೂರಿನವರು ಏನು ಕೇಳ್ತಾರೆ ಹೇಳಿ."

"ಹಾಲು ಹಾಕಿದ್ರೆ ಬಣ್ಣ ಬರುತ್ತಾ ಅಂತಾರೆ."

ಪುಟದ ತಲೆಬರಹ ಅದೇ ಆಯಿತು. ಕೆಳಗೆ ಉತ್ತರ: ಸಣ್ಣ ಕಾಳಿನ ಸಿಟಿಸಿ ಪುಡಿ ಹಾಲಿನ ಚಹಾಕ್ಕೆ ಸರಿ, ಗಾಢ ಬಣ್ಣ ಬಿಡುತ್ತದೆ; ಎಲೆ ಸುರುಳಿಯಾಗಿರುವ ಆರ್ಥೊಡಾಕ್ಸ್ ಟೀಯನ್ನು ಹಾಲಿಲ್ಲದೆ ಕುಡಿದರೇ ರುಚಿ. ಡಿಸೆಂಬರ್, ಜನವರಿಯ ಹಿಮ ಬೀಳುವ ದಿನಗಳಲ್ಲಿ ಕೊಯ್ದ ಎಲೆಯ ಪರಿಮಳವೇ ಬೇರೆ, ಬೆಲೆಯೂ ಬೇರೆ. 250 ಗ್ರಾಂ ಪೊಟ್ಟಣಕ್ಕೆ ಸುಮಾರು 100 ಲೋಟ. ಅಕ್ಕ ದಿನವೂ ಬಾಯಲ್ಲಿ ಹೇಳುತ್ತಿದ್ದದ್ದೇ ಇಷ್ಟೂ. ಕನ್ನಡದಲ್ಲೂ ತಮಿಳಲ್ಲೂ ಇಂಗ್ಲಿಷಲ್ಲೂ ಹಾಕಿದೆವು. ಗಿರಾಕಿಗಳಲ್ಲಿ ಅಷ್ಟೊಂದು ಕನ್ನಡಿಗರಿದ್ದರೂ ಬೆಟ್ಟದ ಅಂಗಡಿಗಳ ಸೈಟಿನಲ್ಲಿ ಕನ್ನಡ ಕಾಣುವುದು ಅಪರೂಪ. ಇದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ.

ಫೋಟೋಕ್ಕೆ ಸ್ಟುಡಿಯೊ ಬೇಡ. ಬೆಳಗಿನ ಬೆಳಕಲ್ಲಿ ಕಿಟಕಿ ಪಕ್ಕ ಪೊಟ್ಟಣ ಇಟ್ಟು ಫೋನಿನಲ್ಲಿ ತೆಗೆದರೆ ಸಾಕು. ಆದರೆ ಫೋನಿನ ಚಿತ್ರ ನಾಲ್ಕೈದು ಎಂಬಿ ಇರುತ್ತದೆ, ಅದನ್ನು 200 ಕೆಬಿಯೊಳಗೆ ಇಳಿಸಲೇಬೇಕು. ಬಂಡೀಪುರ ದಾಟಿ ತೆಪ್ಪಕಾಡಿನ ಹತ್ತಿರ ಸಿಗ್ನಲ್ ಒಂದು ಗೆರೆಗೆ ಬಂದಾಗ ನಿಮ್ಮ ಪುಟ ತೆರೆದುಕೊಳ್ಳದಿದ್ದರೆ ಕಾರು ಮುಂದಿನ ಅಂಗಡಿಗೆ ಹೋಗುತ್ತದೆ.

ನಾನು ಮಾಡಿದ ಸೈಟುಗಳಲ್ಲಿ ಜನ ಹೆಚ್ಚಾಗಿ ತೆರೆಯುವುದು ಸಾಮಾನಿನ ಪುಟವನ್ನಲ್ಲ, 'ಬರುವ ದಾರಿ' ಎಂಬ ಪುಟವನ್ನು. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಹೊರಗಿನ ಗಾಡಿಗಳಿಗೆ ಇ-ಪಾಸ್ ಬಂದಿದೆ. ಮಸಿನಗುಡಿಯಿಂದ ಊಟಿಗೆ ಏರುವ ಕಲ್ಲಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ. ನೀಲಗಿರಿಯ ಟಿಎನ್ 43 ನಂಬರಿಲ್ಲದ ಗಾಡಿಗಳು ಅದರಲ್ಲಿ ಮೇಲೇರಬಹುದು, ಇಳಿಯುವಂತಿಲ್ಲ. ಇದನ್ನೆಲ್ಲ ಕನ್ನಡದಲ್ಲಿ ಹುಡುಕುವವನಿಗೆ ನಿಮ್ಮ ಪುಟ ಸಿಕ್ಕರೆ ಅಂಗಡಿಯ ಹೆಸರೂ ಸಿಕ್ಕ ಹಾಗೆ. ಜಾಹೀರಾತಿಗೆ ಬಿಡಿಗಾಸು ಹಾಕದೆ ಆಗುವ ಪ್ರಚಾರ ಇದು. ನಿಯಮ ಬದಲಾದ ದಿನವೇ ಪುಟವನ್ನೂ ತಿದ್ದಬೇಕು, ಅಷ್ಟೆ.

ಗೂಗಲ್ ಮ್ಯಾಪಿನಲ್ಲಿ ಅಂಗಡಿ ಗುರುತಿಸಲು ಬಿಸಿನೆಸ್ ಪ್ರೊಫೈಲ್ ಇದೆ, ಪುಕ್ಕಟೆ. ಬಾಗಿಲು ತೆರೆಯುವ ಹೊತ್ತು, ಫೋನ್, ಫೋಟೋ ಹಾಕಿ. ಅದೊಂದೇ ಸಾಕು ಎನ್ನುವವರೂ ಇದ್ದಾರೆ. ಆ ಪ್ರೊಫೈಲ್‌ನಿಂದಲೇ ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯವೂ ಒಂದು ಕಾಲಕ್ಕೆ ಇತ್ತು. 2024ರ ಮಾರ್ಚ್‌ನಲ್ಲಿ ಗೂಗಲ್ ಅವನ್ನೆಲ್ಲ ಮುಚ್ಚಿತು. ಸ್ವಂತ ವಿಳಾಸಕ್ಕೆ ವರ್ಷಕ್ಕೆ ಕೆಲವು ನೂರು ರೂಪಾಯಿ ಕೊಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ. ನೆಂಟರಿಂದ ಐದು ನಕ್ಷತ್ರದ ಸುಳ್ಳು ಹೊಗಳಿಕೆ ಬರೆಸುವುದಂತೂ ಬೇಡವೇ ಬೇಡ. ಗೂಗಲ್ ಕಿತ್ತುಹಾಕುತ್ತದೆ, ಓದುವವರಿಗೂ ಗೊತ್ತಾಗುತ್ತದೆ.

ಮಾದರಿ ಬೇಕೆಂದರೆ ಕೋತಗಿರಿಯಲ್ಲೇ ಇದೆ. 1993ರಲ್ಲಿ ಶುರುವಾದ ಕೀಸ್ಟೋನ್ ಫೌಂಡೇಶನ್‌ನಿಂದ ಹುಟ್ಟಿದ ಲಾಸ್ಟ್ ಫಾರೆಸ್ಟ್ ಕಾಡುಜೇನನ್ನು ಆನ್‌ಲೈನ್‌ನಲ್ಲಿ ಮಾರುತ್ತದೆ. ಜೇನಿನ ಜೊತೆಗೆ ಅದನ್ನು ಇಳಿಸುವ ಆದಿವಾಸಿಗಳ ಕಥೆಯೂ ಅಲ್ಲಿರುತ್ತದೆ. ಸೂಪರ್‌ಮಾರ್ಕೆಟ್ಟಿನ ಬಾಟಲಿ ಅದನ್ನು ಹೇಳಲಾರದು.

ಇನ್ನು ಕಾನೂನು. ಗೂಡಲೂರಿನಿಂದ ಮೈಸೂರು ಒಂದು ಹಗಲಿನ ದಾರಿಯೂ ಅಲ್ಲ, ಆದರೆ ಲೆಕ್ಕಕ್ಕೆ ಅದು ಹೊರರಾಜ್ಯ. ತೆರಿಗೆ ಬೀಳುವ ಸರಕನ್ನು ರಾಜ್ಯದಾಚೆ ಮಾರಿದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು. ಪಟ್ಟಿಯಲ್ಲಿರುವ ಕರಕುಶಲ ವಸ್ತುಗಳಿಗೆ ಒಂದು ಮಿತಿಯವರೆಗೆ ವಿನಾಯಿತಿ ಇದೆ; 2013ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ತೋಡರ ಕಸೂತಿ ಮಾರುವವರು ಇದನ್ನು ವಿಚಾರಿಸಿಕೊಳ್ಳಬೇಕು. ತಿನ್ನುವ, ಕುಡಿಯುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕು. ನೀಲಗಿರಿ ಎಣ್ಣೆ ಬೆಂಕಿ ಹತ್ತುವ ದ್ರವ, ಕೊರಿಯರಿನವರನ್ನು ಮೊದಲೇ ಕೇಳಿ.

ಮಸಿನಗುಡಿಯ ರೆಸಾರ್ಟಿನವರು ಬಂದರೆ ಮಾತ್ರ ನಾನು ಮೊದಲು ಪರವಾನಗಿ ನೋಡುತ್ತೇನೆ. ಆನೆ ಕಾರಿಡಾರ್ ಪ್ರಕರಣದಲ್ಲಿ 2018ರಲ್ಲಿ ಅಲ್ಲಿನ ಹಲವು ರೆಸಾರ್ಟುಗಳಿಗೆ ಬೀಗ ಬಿತ್ತು. ಕಾರಿಡಾರ್ ಸರಿ ಎಂದು ಸುಪ್ರೀಂ ಕೋರ್ಟು 2020ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟಿತು. 'ನೈಟ್ ಸಫಾರಿ' ಎಂದು ಬರೆದುಕೊಡಿ ಎನ್ನುವವರಿಗೆ ಕಾಫಿ ಕುಡಿಸಿ ಕಳಿಸುತ್ತೇನೆ.

ಕೊನೆಗೊಂದು ಮಾತು. ನಮ್ಮ ಕಡೆಯ ಅಂಗಡಿಯೊಂದರ ಡೊಮೇನ್, ಸೈಟ್ ಮಾಡಿಕೊಟ್ಟವನ ಹೆಸರಲ್ಲಿತ್ತು. ಆತ ಊರು ಬಿಟ್ಟ, ಫೋನ್ ಎತ್ತಲಿಲ್ಲ, ಅವಧಿ ಮುಗಿದು ವಿಳಾಸ ಬೇರೆ ಯಾರದೋ ಪಾಲಾಯಿತು. ಸೈಟನ್ನು ಯಾರಿಂದ ಬೇಕಾದರೂ ಮಾಡಿಸಿ, ನನ್ನಿಂದಲೇ ಆಗಬೇಕೆಂದಿಲ್ಲ. ಡೊಮೇನ್ ಮಾತ್ರ ನಿಮ್ಮ ಹೆಸರಲ್ಲಿ, ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನ್ ನಂಬರಿನಲ್ಲಿರಲಿ.