ಧ್ರುವಗಳ ಹಿಮವು ಕರಗುವುದೆಂದು?

ಗಾಜಿನ ಲೋಟವೊಂದರಲ್ಲಿ ಮಂಜುಗಡ್ಡೆಯ ತುಂಡನ್ನಿರಿಸಿ, ಅದು ತೇಲುವಂತೆ ಅಂಚಿನವರೆಗೂ ನೀರು ತುಂಬಿರಿ. ಗಡ್ಡೆಯ ತಲೆ ನೀರಿನ ಮೇಲೆ ಕಾಣುತ್ತಿದ್ದರೂ, ಅದು ಪೂರ್ಣವಾಗಿ ಕರಗಿದಾಗ ಒಂದು ಹನಿಯೂ ಹೊರಚೆಲ್ಲುವುದಿಲ್ಲ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಸ್ಥಳಾಂತರಿಸುವುದೆಂಬ ಆರ್ಕಿಮಿಡೀಸನ ತತ್ತ್ವವೇ ಇದಕ್ಕೆ ಕಾರಣ. ಧ್ರುವಗಳ ಹಿಮವು ಎಂದು ಕರಗುವುದೆಂದು ಕೇಳುವವರು ಈ ಸಣ್ಣ ಪ್ರಯೋಗವನ್ನು ನೆನಪಿನಲ್ಲಿಡಬೇಕು. ಏಕೆಂದರೆ ಅಲ್ಲಿಯ ಹಿಮವೆಲ್ಲವೂ ಒಂದೇ ಬಗೆಯದಲ್ಲ.

ಉತ್ತರ ಧ್ರುವದಲ್ಲಿ ನೆಲವಿಲ್ಲ, ಅಲ್ಲಿರುವುದು ಸಾಗರ. ಅದರ ಮೇಲೆ ತೇಲುವ ಹಿಮದ ಹೊದಿಕೆಯ ದಪ್ಪ ಕೆಲವೇ ಮೀಟರು. ಬೇಸಗೆ ಮುಗಿಯುವ ಸೆಪ್ಟೆಂಬರ್ ತಿಂಗಳಲ್ಲಿ ಅದರ ವಿಸ್ತಾರ ಅತ್ಯಂತ ಕಡಮೆಯಾಗುತ್ತದೆ. 1980ರ ಸುಮಾರಿನಲ್ಲಿ ಆಗಲೂ ಸುಮಾರು 70 ಲಕ್ಷ ಚದರ ಕಿಲೋಮೀಟರಿನಷ್ಟು ಉಳಿಯುತ್ತಿದ್ದ ಹಿಮವು 2012ರಲ್ಲಿ ಸುಮಾರು 34 ಲಕ್ಷಕ್ಕೆ ಇಳಿಯಿತು. 2050ಕ್ಕೆ ಮುನ್ನವೇ ಒಂದಾದರೂ ಸೆಪ್ಟೆಂಬರಿನಲ್ಲಿ ಅದು ಬಹುಮಟ್ಟಿಗೆ ಇಲ್ಲವಾಗುವ ಸಂಭವವುಂಟು. ಇದರಿಂದ ಸಮುದ್ರದ ಮಟ್ಟ ಏರುವುದು ಅತ್ಯಲ್ಪ. ಆದರೆ ಬಿಸಿಲನ್ನು ಹಿಂದಿರುಗಿಸುತ್ತಿದ್ದ ಬಿಳಿಯ ಹೊದಿಕೆ ಹೋಗಿ, ಅದನ್ನು ಹೀರಿಕೊಳ್ಳುವ ಕಪ್ಪು ನೀರು ತೆರೆದುಕೊಳ್ಳುವುದು. ಭೂಮಿಯ ಕಾವು ಇನ್ನಷ್ಟು ಹೆಚ್ಚುವುದು.

ಗ್ರೀನ್‌ಲೆಂಡ್ ಮತ್ತು ಅಂಟಾರ್ಕ್ಟಿಕಗಳ ಮಾತು ಬೇರೆ. ಅಲ್ಲಿ ಹಿಮವು ನೆಲದ ಮೇಲೆ ರಾಶಿಬಿದ್ದಿದೆ. ಅದು ಕರಗಿ ಕಡಲಿಗಿಳಿದರೆ, ತುಂಬಿದ ಲೋಟಕ್ಕೆ ಹೊರಗಿನಿಂದ ನೀರು ಸುರಿದಂತೆ. ಗ್ರೀನ್‌ಲೆಂಡಿನ ಹಿಮ ಪೂರ್ತಿ ಕರಗಿದರೆ ಸಮುದ್ರಗಳು ಸುಮಾರು 7 ಮೀಟರು, ಅಂಟಾರ್ಕ್ಟಿಕದ್ದು ಕರಗಿದರೆ ಸುಮಾರು 58 ಮೀಟರು ಏರುವುವು.

ಆದರೆ ಇಷ್ಟು ಹಿಮ ಕರಗುವುದು ಸುಲಭವಲ್ಲ. ಒಂದು ಗ್ರಾಂ ಮಂಜುಗಡ್ಡೆಯನ್ನು ನೀರಾಗಿಸುವುದಕ್ಕೇ ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಿಂದ ಆ ನೀರನ್ನು 0 ಡಿಗ್ರಿಯಿಂದ 80 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಬಹುದು! ಇದನ್ನೇ ಗುಪ್ತೋಷ್ಣವೆನ್ನುತ್ತಾರೆ. ಮೇಲಾಗಿ ದಕ್ಷಿಣ ಧ್ರುವದ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 49 ಡಿಗ್ರಿ ಕೆಳಗಿದೆ. ಆದುದರಿಂದ ಗ್ರೀನ್‌ಲೆಂಡಿನ ಹಿಮ ಅಳಿಯಲು ಸಾವಿರಾರು ವರ್ಷಗಳೂ, ಅಂಟಾರ್ಕ್ಟಿಕದ್ದು ಅಳಿಯಲು ಇನ್ನೂ ದೀರ್ಘಕಾಲವೂ ಬೇಕಾದೀತು.

ಹಾಗಾದರೆ ನಾವು ನಿಶ್ಚಿಂತರಾಗಿರಬಹುದೆ? ಇರಲಾಗದು. ಕಡಲತೀರದ ಊರುಗಳು ಮುಳುಗಲು ಹಿಮವೆಲ್ಲವೂ ಕರಗಬೇಕಾಗಿಲ್ಲ. ಪಶ್ಚಿಮ ಅಂಟಾರ್ಕ್ಟಿಕದಲ್ಲಿ ಹಿಮದ ತಳವು ಬಹಳ ಕಡೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಅಲ್ಲಿಯ ಥ್ವೇಟ್ಸ್ ಹಿಮನದಿಯನ್ನು ಬೆಚ್ಚನೆಯ ಕಡಲನೀರು ಅಡಿಯಿಂದಲೇ ಕೊರೆಯುತ್ತಿದೆ. ಸುಮಾರು 1,25,000 ವರ್ಷಗಳ ಹಿಂದೆ ಭೂಮಿಯು ಹೆಚ್ಚುಕಡಮೆ ಇಂದಿನಷ್ಟೇ ಬೆಚ್ಚಗಿದ್ದಾಗ, ಸಮುದ್ರವು ಈಗಿನದಕ್ಕಿಂತ 5 ಮೀಟರಿಗೂ ಹೆಚ್ಚು ಎತ್ತರದಲ್ಲಿತ್ತೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ.

ಹಿಮ ಕರಗಲು ಸಾವಿರಾರು ವರ್ಷಗಳು ಹಿಡಿಯಬಹುದು. ಆದರೆ ಕರಗುವುದೆಷ್ಟು, ಉಳಿಯುವುದೆಷ್ಟು ಎಂಬುದು ಈ ಶತಮಾನದಲ್ಲಿ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿ ನಾವು ವಾತಾವರಣಕ್ಕೆ ಸೇರಿಸುವ ಇಂಗಾಲಾಮ್ಲ ವಾಯುವಿನ ಪ್ರಮಾಣವನ್ನು ಬಹುಮಟ್ಟಿಗೆ ಅವಲಂಬಿಸಿದೆ.