ಕೆರೆ ನೀರಿನ ಸುಸ್ಥಿರ ಬಳಕೆಯಲ್ಲಿ ಬಳಕೆದಾರರ ಸಂಘದ ಪಾತ್ರ

ಹೂಳೆತ್ತಿ, ಏರಿ ಭದ್ರಪಡಿಸಿದ ಕೆರೆಯಲ್ಲಿಯೂ ಅಚ್ಚುಕಟ್ಟಿನ ಕೊನೆಯ ಗದ್ದೆಗಳಿಗೆ ನೀರು ತಲುಪದಿರುವುದುಂಟು. ತೂಬನ್ನು ಯಾರು, ಯಾವಾಗ, ಎಷ್ಟು ಹೊತ್ತು ತೆರೆಯಬೇಕೆಂಬ ಒಪ್ಪಿತ ನಿಯಮ ಇಲ್ಲದಿರುವುದೇ ಇದಕ್ಕೆ ಅನೇಕ ವೇಳೆ ಕಾರಣ.

ಹಳೆಯ ಮೈಸೂರು ಭಾಗದಲ್ಲಿ ಈ ಹೊಣೆ ನೀರುಗಂಟಿಯದಾಗಿತ್ತು. ತೂಬು ತೆರೆದು ಮುಚ್ಚುವುದು, ಸರದಿಯಂತೆ ನೀರು ಹಾಯಿಸುವುದು, ಕಾಲುವೆ ಕಾಯುವುದು ಆತನ ಕೆಲಸ. ಪ್ರತಿಫಲವಾಗಿ ಇನಾಂ ಜಮೀನು ಹಾಗೂ ಸುಗ್ಗಿಯಲ್ಲಿ ಧಾನ್ಯ ದೊರೆಯುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯು ವಂಶಪಾರಂಪರ್ಯವಾದ ಇಂತಹ ಹುದ್ದೆಗಳನ್ನು ಕೊನೆಗೊಳಿಸಿತು. ಅದು ನ್ಯಾಯವೇ ಸರಿ. ನೀರುಗಂಟಿಗಳಲ್ಲಿ ಹೆಚ್ಚಿನವರು ದಲಿತ ಕುಟುಂಬದವರು, ಹುಟ್ಟಿನಿಂದ ಅಂಟಿಬಂದ ಚಾಕರಿಯನ್ನು ಮರಳಿ ತರಲಾಗದು. ಆದರೆ ಹುದ್ದೆಯ ಜೊತೆಗೆ ಕೆಲಸವೂ ಅನಾಥವಾಯಿತು. ಅನುಕೂಲವಿದ್ದವರು ಕೊಳವೆಬಾವಿ ತೋಡಿಸಿಕೊಂಡರು. ಕೆರೆಯ ಬಗ್ಗೆ ಅವರ ಕಾಳಜಿಯೂ ಕುಗ್ಗಿತು.

2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ನಿರ್ವಹಣಾ ಯೋಜನೆಯಡಿ ಜಲ ಸಂವರ್ಧನೆ ಯೋಜನಾ ಸಂಘವು ಗ್ರಾಮಗಳಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ರಚಿಸಿತು. ಕಾಮಗಾರಿಗೆಂದು ಮಾತ್ರ ಹುಟ್ಟಿದ ಸಂಘ ಕಾಮಗಾರಿಯೊಂದಿಗೇ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಸಂಘ ಉಳಿಯಬೇಕಾದರೆ ಪ್ರತಿ ಹಂಗಾಮಿನಲ್ಲಿ ಅದು ಬೆಳೆಯನ್ನು ನಿರ್ಧರಿಸಬೇಕು.

ಭತ್ತಕ್ಕೆ ಸುಮಾರು 1,200 ಮಿ.ಮೀ. ನೀರು ಬೇಕು, ಅಂದರೆ ಎಕರೆಗೆ 48 ಲಕ್ಷ ಲೀಟರ್. ಅಷ್ಟೇ ನೀರಿನಲ್ಲಿ ಎರಡು ಎಕರೆಗೂ ಹೆಚ್ಚು ರಾಗಿ ಬೆಳೆಯಬಹುದು. ಹಾಗಿದ್ದರೂ ನೀರು ಕಡಿಮೆಯಾದ ವರ್ಷದಲ್ಲಿ ಒಬ್ಬ ರೈತ ತಾನೊಬ್ಬನೇ ರಾಗಿಗೆ ಬದಲಾಗಲಾರ. ಮೇಲಿನ ಗದ್ದೆಯಲ್ಲಿ ಭತ್ತವಿದ್ದರೆ ಅದರ ಬಸಿನೀರು ಕೆಳಗಿನ ರಾಗಿಯ ಬೇರನ್ನು ಕೊಳೆಸುತ್ತದೆ. ಒಂದು ತೂಬಿನ ಕೆಳಗಿನ ಇಡೀ ಪಟ್ಟಿ ಒಟ್ಟಾಗಿ ತೀರ್ಮಾನಿಸಿದರೆ ಮಾತ್ರ ಈ ಬದಲಾವಣೆ ಸಾಧ್ಯ. ತಳಿ, ಗೊಬ್ಬರಗಳ ಸಲಹೆ ನೀಡುವ ನಾವು ವಿಜ್ಞಾನಿಗಳು ಈ ಸಂಗತಿಯನ್ನು ಬಹುಕಾಲ ಕಡೆಗಣಿಸಿದೆವು.

ಆದ್ದರಿಂದ ಬಿತ್ತನೆಗೆ ಮುನ್ನವೇ ಸಭೆ ಕರೆದು, ಕೆರೆಯ ನೀರಿನ ಮಟ್ಟವನ್ನು ಎಲ್ಲರೆದುರು ಅಳೆದು, ಪಟ್ಟಿವಾರು ಬೆಳೆ ನಿಗದಿಪಡಿಸಬೇಕು. ಕೊನೆಯ ಗದ್ದೆಗಳ ರೈತರು ಹಾಗೂ ಮಹಿಳಾ ಹಿಡುವಳಿದಾರರು ಸಮಿತಿಯಲ್ಲಿರಬೇಕು. ಸಂಬಳದ ಆಧಾರದ ಮೇಲೆ ನೀರುಗಂಟಿಯನ್ನು ಯಾವುದೇ ಜಾತಿಯಿಂದ ನೇಮಿಸಿ, ಎಕರೆವಾರು ವಂತಿಗೆಯನ್ನು ನೀರು ಬಿಡುವ ಮೊದಲೇ ಸಂಗ್ರಹಿಸುವುದು ಸೂಕ್ತ. ಕದ್ದು ನೀರು ತಿರುಗಿಸಿದವರಿಗೆ ಮೊದಲ ಬಾರಿ ಎಚ್ಚರಿಕೆ, ಅನಂತರ ಏರುವ ದಂಡ ಇರಲಿ. 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯಿತಿಗಳ ವ್ಯಾಪ್ತಿಗೆ, ಅದಕ್ಕಿಂತ ದೊಡ್ಡವು ಸಣ್ಣ ನೀರಾವರಿ ಇಲಾಖೆಗೆ ಸೇರುವುದರಿಂದ, ವಿಸ್ತರಣಾ ಕಾರ್ಯಕರ್ತರು ಠರಾವು ಬರೆಸುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಬೇಕು.