ರಾಜೇಂದ್ರನಾಮೆ

ರಾಜೇಂದ್ರನಾಮೆಯು ಕೊಡಗಿನ ಹಾಲೇರಿ ವಂಶದ ಅರಸರ ಚರಿತ್ರೆಯನ್ನು ನಿರೂಪಿಸುವ ಕನ್ನಡ ಕೃತಿ. ದೊಡ್ಡವೀರರಾಜೇಂದ್ರನ (ಮರಣ 1809) ಆಜ್ಞೆಯಂತೆ ರಚಿತವಾದ ಇದು 1633ರಿಂದ 1807ರವರೆಗಿನ ಘಟನೆಗಳನ್ನು ಒಳಗೊಂಡಿದೆ.

ಹೆಸರಿಗೆ ವಂಶಚರಿತ್ರೆಯಾದರೂ ಇದರ ನಿಜವಾದ ನಾಯಕ ಬರೆಯಿಸಿದ ಅರಸನೇ. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ತಪ್ಪಿಸಿಕೊಂಡು ಬಂದದ್ದು, ಟಿಪ್ಪು ಸುಲ್ತಾನನ ಸೇನೆಯೊಡನೆ ನಡೆದ ಕಾಳಗಗಳು, ಈಸ್ಟ್ ಇಂಡಿಯಾ ಕಂಪನಿಯೊಡನೆ ಬೆಳೆದ ಸ್ನೇಹ ಇದರ ಮುಖ್ಯ ವಸ್ತು. ಕೃತಿ ಸಿದ್ಧವಾದ ಕಾಲದಲ್ಲಿ ಅರಸನು ತನ್ನ ಮಗಳು ದೇವಮ್ಮಾಜಿಗೆ ಪಟ್ಟ ದೊರಕಿಸುವ ಚಿಂತೆಯಲ್ಲಿದ್ದನು. ಅದಕ್ಕೆ ಕಂಪನಿಯ ಬೆಂಬಲ ಅವನಿಗೆ ಅಗತ್ಯವಾಗಿತ್ತು.

ಪ್ರಕಟಣೆ

ಮೂಲ ಕನ್ನಡವು ಅಚ್ಚಾಗುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಈ ಕೃತಿ ಇಂಗ್ಲಿಷಿಗೆ ಹೋಯಿತು. 1808ರಲ್ಲಿ ಮಂಗಳೂರಿನಲ್ಲಿ ಲೆಫ್ಟಿನೆಂಟ್ ಅಬರ್‌ಕ್ರಾಂಬಿ ಅದನ್ನು ಭಾಷಾಂತರಿಸಿದನು. ಕನ್ನಡ ಪಾಠವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1857ರಲ್ಲಿ ಮಂಗಳೂರಿನಿಂದ ಪ್ರಕಟಿಸಿದನು. ಆ ವೇಳೆಗೆ ಕೊಡಗು ಕಂಪನಿಯ ವಶವಾಗಿ (1834) ಇಪ್ಪತ್ತಮೂರು ವರ್ಷ ಕಳೆದಿತ್ತು. ಅರಸನು ಹೇಳಿಸಿದ ಕಥೆ ಅವನ ನಾಡಿನ ಓದುಗರಿಗೆ ಅಚ್ಚಿನಲ್ಲಿ ದೊರೆತಾಗ ಅಲ್ಲಿ ಅರಸೊತ್ತಿಗೆಯೇ ಉಳಿದಿರಲಿಲ್ಲ.

ರಿಕ್ಟರನ ಕೈಪಿಡಿ (1870), ಬಿ. ಎಲ್. ರೈಸ್‌ರ ಗೆಜೆಟಿಯರ್ ಮೊದಲಾದವು ಕೊಡಗಿನ ಇತಿಹಾಸಕ್ಕೆ ಈ ಕೃತಿಯನ್ನು ಆಧರಿಸಿವೆ. ಆದರೆ ಇದು ಯುದ್ಧದ ಒಂದು ಪಕ್ಷದ ಹೇಳಿಕೆ. ಮೈಸೂರಿನ ಪಕ್ಷದ ನಿರೂಪಣೆಗೆ ಕಿರ್ಮಾನಿಯ ಪಾರಸಿ ಚರಿತ್ರೆಯನ್ನೂ ಜೊತೆಗಿಟ್ಟು ಓದಬೇಕಾಗುತ್ತದೆ.